ಮಳೆ ಡೈರಿ ಹಿಡಿದು ಜಾಥಾಕ್ಕೆ ಹೋದೆ

ಮಳೆಗಾಲದಲ್ಲಿ ನಮ್ಮ ಕಡೆ ಯಾರಿಗೇ ಫೋನ್ ಮಾಡಿದರೂ ಮೊದಲ ಪ್ರಶ್ನೆ ಒಂದೇ. "ನಿನ್ನೆ ನಿಮ್ಮಲ್ಲಿ ಎಷ್ಟು ಬಂತು?" ಪೇಪರಲ್ಲಿ ಮಿಲಿಮೀಟರ್ ಬರೆದರೂ ಕೊಡಗಿನ ತೋಟದವರು ಇನ್ನೂ ಇಂಚು, ಸೆಂಟ್ ಲೆಕ್ಕದಲ್ಲೇ ಇದ್ದೇವೆ. ನೂರು ಸೆಂಟಿಗೆ ಒಂದು ಇಂಚು. ನಮ್ಮ ಮನೆಯಲ್ಲಿ ಮಾವ ಬರೆದಿಟ್ಟ ಮಳೆ ಡೈರಿಗಳ ಒಂದು ಸಾಲೇ ಇದೆ. ಅವರು ತೀರಿಕೊಂಡ ಮೇಲೆ ಬೆಳಿಗ್ಗೆ ಎದ್ದು ಮಾಪಕದ ನೀರು ಅಳೆದು ಬರೆಯುವ ಕೆಲಸ ನನ್ನದಾಯಿತು.

ಮಾದಾಪುರದ ಹತ್ತಿರ ನಮಗೆ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ ಇದೆ. ಹೋದ ವರ್ಷ ಜೂನ್ ಮೊದಲ ವಾರ ಮಡಿಕೇರಿಯಲ್ಲಿ ಹವಾಮಾನ ಬದಲಾವಣೆ, ಇಂಧನ ಉಳಿತಾಯದ ಬಗ್ಗೆ ಜಾಥಾ ಇದೆ, ಬನ್ನಿ ಅಂತ ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಕರೆ ಬಂತು. ಒಂದೊಂದು ಘೋಷಣೆ ಬರೆದುಕೊಂಡು ಬನ್ನಿ ಅಂದಿದ್ದರು. ರಾತ್ರಿ ಪೆನ್ ಹಿಡಿದು ಕೂತೆ. "ವಿದ್ಯುತ್ ಉಳಿಸಿ" ಅಂತ ಬರೆಯಲು ಮನಸ್ಸು ಬರಲಿಲ್ಲ. ನಮ್ಮ ಮನೆಯಲ್ಲಿ ಎಷ್ಟು ಉಳಿಸಿದ್ದೇವೆ ಅಂತ ನನಗೇ ಗೊತ್ತಿರಲಿಲ್ಲ. ಹಾಗಾಗಿ ಡೈರಿ ತೆಗೆದೆ, ಜೊತೆಗೆ ಡೀಸೆಲ್ ಚೀಟಿಗಳ ಕಟ್ಟನ್ನೂ ತೆಗೆದೆ.

ಕಾಫಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಫೆಬ್ರವರಿ, ಮಾರ್ಚಲ್ಲಿ ರೊಬಸ್ಟಾ ಮೊಗ್ಗು ಮಳೆಗೆ ಕಾದು ಕೂತಿರುತ್ತದೆ. ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಹಾಗೆ ಘಮ್ ಅನ್ನುತ್ತದೆ. ಆದರೆ 20, 30 ಸೆಂಟ್ ಬಂದು ನಿಂತರೆ ಬಾರದೇ ಇದ್ದದ್ದಕ್ಕಿಂತ ಕಷ್ಟ. ಮೊಗ್ಗು ಪೂರ್ತಿ ಅರಳದೆ ಕರಟಿ ಹೋಗುತ್ತದೆ. ಹೂವಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆಯೂ ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಮಳೆ ಕೈಕೊಟ್ಟರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತೇವೆ. ನಮ್ಮದು ಡೀಸೆಲ್ ಪಂಪ್.

ಡೈರಿಯನ್ನೂ ಚೀಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಮಾರ್ಚಲ್ಲಿ ಸರಿಯಾಗಿ ಮಳೆ ಬಂದ ವರ್ಷ ಡೀಸೆಲ್ ಚೀಟಿಯೇ ಇಲ್ಲ. 15, 25 ಸೆಂಟಲ್ಲಿ ನಿಂತ ವರ್ಷ ಒಂದು ಸುತ್ತು ನೀರಿಗೆ 50 ಲೀಟರಿಗೂ ಜಾಸ್ತಿ. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಮಳೆ ಕೆಟ್ಟಿತು ಅಂತ ಉರಿಸುತ್ತೇವೆ. ಮುಂದಿನ ಮಳೆ ಕೆಡುವುದರಲ್ಲಿ ಆ ಹೊಗೆಯದ್ದೂ ಪಾಲಿದೆ. ಇದನ್ನು ನೋಡಿ ನನಗೆ ನಿದ್ದೆ ಹತ್ತಲಿಲ್ಲ.

ಹಳೆ ಕ್ಯಾಲೆಂಡರ್ ಹಿಂಬದಿಯಲ್ಲಿ ಎರಡು ಸಾಲು ಗೀಚಿದೆ. ಎಡಕ್ಕೆ ಮಾರ್ಚ್ ಮಳೆ, ಬಲಕ್ಕೆ ಡೀಸೆಲ್. ಅದೇ ನನ್ನ ಫಲಕ. ಜೂನ್ ತಾನೇ, ಜಡಿ ಶುರುವಾಗಿತ್ತು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ತೊಳೆದು ಅದಕ್ಕೆ ಹೊದಿಸಿದೆ.

ಆರು ಜನ ಕಾರು, ಜೀಪು ಬಿಟ್ಟು ಬಸ್ಸಲ್ಲೇ ಹೋದೆವು. ಹಟ್ಟಿಹೊಳೆ, ಮಕ್ಕಂದೂರು ದಾರಿ. 2018ರ ಆಗಸ್ಟಲ್ಲಿ ಗುಡ್ಡ ಜಾರಿದ ಜಾಗಗಳಲ್ಲಿ ಈಗ ಹಸಿರು ಬಂದಿದೆ. ಆದರೂ ಅಲ್ಲಿಗೆ ಬಂದಾಗ ಬಸ್ಸಲ್ಲಿ ಮಾತು ನಿಂತಿತು. ನನ್ನ ಮಡಿಲಲ್ಲಿ ಆ ವರ್ಷದ ಡೈರಿಯೇ ಇತ್ತು. ಆಗಸ್ಟ್ ಮಧ್ಯದ ಒಂದು ವಾರದ ಸಾಲುಗಳು ಖಾಲಿ. ಒಂದು ದಿನವೂ ಬಿಡದೆ ಬರೆದ ಮನುಷ್ಯ ಮಾವ. ಆ ವಾರ ಮಾತ್ರ ನಾವು ಮನೆಯಲ್ಲಿರಲಿಲ್ಲ, ಪರಿಹಾರ ಕೇಂದ್ರದಲ್ಲಿದ್ದೆವು. ಗುಡ್ಡ ಜಾರಿದ್ದಕ್ಕೆ ಮಳೆಯೊಂದೇ ಕಾರಣ ಅಲ್ಲ, ರಸ್ತೆಗೆ, ಕಟ್ಟಡಕ್ಕೆ ಇಳಿಜಾರು ಕಡಿದದ್ದೂ ಇದೆ. ಅದನ್ನೂ ನಾವು ಒಪ್ಪಿಕೊಳ್ಳಬೇಕು.

ಜನರಲ್ ತಿಮ್ಮಯ್ಯ ವೃತ್ತದಿಂದ ಗಾಂಧಿ ಮೈದಾನಕ್ಕೆ ನಡೆದೆವು. ಶಾಲೆ ಮಕ್ಕಳು, ಬೆಳೆಗಾರರು, ಆಟೋದವರು, ನಮ್ಮಂಥ ಸಂಘದವರು. ಎಲ್ಲರ ಕೈಯಲ್ಲೂ ಕೊಡೆ. ಅರ್ಧ ದಾರಿಗೆ ಹಿರಿಯರೊಬ್ಬರು ನನ್ನ ಪಕ್ಕ ಬಂದು ಫಲಕ ಓದತೊಡಗಿದರು. "ಇದು ನಿಮ್ಮ ತೋಟದ್ದೇ ಲೆಕ್ಕವಾ ಅಮ್ಮಾ?" ಹೌದು ಅಂದೆ. "ನಮ್ಮಲ್ಲೂ ಡೈರಿ ಇದೆ, 40 ವರ್ಷದ್ದು. ಡೀಸೆಲ್ ಲೆಕ್ಕ ಮಾತ್ರ ಬರೆದಿಲ್ಲ" ಅಂದರು. ಮೈದಾನ ಮುಟ್ಟುವಷ್ಟರಲ್ಲಿ ನಮ್ಮ ಸುತ್ತ ಏಳೆಂಟು ಜನ ಸೇರಿದ್ದರು. ಯಾವ ಊರಲ್ಲಿ ಎಷ್ಟು ಸೆಂಟ್, ಜನವರಿಯಲ್ಲಿ ಕಣದಲ್ಲಿ ಹರಡಿದ ಕಾಫಿ ನೆನೆದದ್ದು ಯಾವ ವರ್ಷ, ಇದೇ ಮಾತು.

ಭಾಷಣ ಉದ್ದವಾಯಿತು. ಇನ್ನೊಂದು ಸಲ ಮಾಡುವಾಗ ಅರ್ಧ ಗಂಟೆಗೆ ಮುಗಿಸಿ, ಜನರನ್ನು ಮಾತಾಡಲು ಬಿಟ್ಟರೆ ಒಳ್ಳೆಯದು. ಆದರೆ ಒಬ್ಬ ಕಾಲೇಜು ಮೇಷ್ಟ್ರು ಹೇಳಿದ್ದು ಮನಸ್ಸಲ್ಲಿ ಉಳಿಯಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು, ಅದಕ್ಕೇ ಒಣ ದಿನ ಉದ್ದವಾಗಿ, ಬಂದಾಗ ಒಮ್ಮೆಗೇ ಸುರಿಯುವುದು ಹೆಚ್ಚಾಗುತ್ತದೆ ಅಂದರು. ಡೈರಿಯಲ್ಲಿ ಕಂಡದ್ದೂ ಅದೇ. ವರ್ಷದ ಮೊತ್ತ ಅಂಥಾ ಬದಲಾಗಿಲ್ಲ, ಮಳೆ ಬಿದ್ದ ದಿನಗಳು ಕಡಿಮೆಯಾಗಿವೆ.

ಮನೆಗೆ ಬಂದ ಮೇಲೆ ಮೊದಲು ಹಿಡಿದದ್ದು ಪಂಪನ್ನು. ನೀರಿನ ಸಮಯ ಮುಗಿದಿತ್ತು, ರಿಪೇರಿಗೆ ಅದೇ ಒಳ್ಳೆ ಕಾಲ. ಪೈಪುಗಳನ್ನು ಅಂಗಳದಲ್ಲಿ ಉದ್ದಕ್ಕೆ ಜೋಡಿಸಿ ನೀರು ಬಿಟ್ಟೆವು. ಒಂದೊಂದು ಜಾಯಿಂಟಲ್ಲೂ ಚಿರ್ರನೆ ನೀರು. ರಬ್ಬರ್ ವಾಷರ್ ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಇಷ್ಟು ವರ್ಷ ಸುಮ್ನೆ ದಾರಿಗೆ ನೀರು ಹಾಕಿದ್ದೇವೆ ಅಲ್ವಾ ಅಂತ ಹೊಟ್ಟೆ ಉರಿಯಿತು. ಎಲ್ಲ ವಾಷರ್ ಬದಲಿಸಿದೆವು. ಕೆರೆಯೊಳಗಿನ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವ್‌ನ ಕಸ ತೆಗೆದೆವು. ಸವೆದು ತೂತು ದೊಡ್ಡದಾಗಿದ್ದ ನಾಲ್ಕು ಸ್ಪ್ರಿಂಕ್ಲರ್ ಜೆಟ್ ಹೊಸದು ಹಾಕಿದೆವು. ಈ ಮಾರ್ಚಲ್ಲಿ ಗಾಳಿ ಕಡಿಮೆ ಇರುವ ರಾತ್ರಿ ಹೊತ್ತು ಮಾತ್ರ ನೀರು ಹಾರಿಸಿದೆವು. ಒಂದು ಸುತ್ತಿಗೆ 52 ಲೀಟರ್ ಹೋಗುತ್ತಿದ್ದದ್ದು 43ಕ್ಕೆ ಇಳಿಯಿತು. ಹೂವೂ ಚೆನ್ನಾಗಿ ಬಂತು. ನೆರಳಿಗೆ ಬಿಟ್ಟ ಕಾಡುಮರಗಳನ್ನು ಇನ್ನು ಕಡಿಸುವುದಿಲ್ಲ ಅಂತಲೂ ತೀರ್ಮಾನಿಸಿದ್ದೇವೆ. ಮರದ ಬುಡದಲ್ಲಿ ತೇವ ಹೆಚ್ಚು ದಿನ ನಿಲ್ಲುವುದನ್ನು ಕಣ್ಣಾರೆ ನೋಡಿದ್ದೇನೆ.

ಮನೆಯೊಳಗಿನದು ಸುಲಭ. ಗೃಹಜ್ಯೋತಿ ಬಂದ ಮೇಲೆ ಬಿಲ್ ಸೊನ್ನೆ ಅಂತ ಯಾರೂ ನೋಡುತ್ತಿರಲಿಲ್ಲ. ಯುನಿಟ್ ಮಾತ್ರ ಅದರಲ್ಲಿ ಅಚ್ಚಾಗಿರುತ್ತದೆ. ಈಗ ಅದನ್ನೂ ಡೈರಿಯಲ್ಲಿ ಬರೆಯುತ್ತೇನೆ. 2,000 ವಾಟಿನ ಗೀಸರ್ ಒಂದು ಗಂಟೆ ಉರಿದರೆ 2 ಯುನಿಟ್. ಕಾಫಿ ಗಿಡದ ರೆಂಬೆ ಸವರಿದ ಕಡ್ಡಿ ರಾಶಿ ಬಿದ್ದಿರುವಾಗ ಅದು ಬೇಕಾ? ಬಚ್ಚಲ ಹಂಡೆಗೆ ಮತ್ತೆ ಬೆಂಕಿ ಹಚ್ಚಿದೆವು. ಅತ್ತೆಗೆ ಅದೇ ಇಷ್ಟ. 75 ವಾಟಿನ ಎರಡು ಹಳೆ ಫ್ಯಾನ್ ತೆಗೆದು 30 ವಾಟಿನ ಆಸುಪಾಸಿನವು ಹಾಕಿಸಿದೆವು.

ಜಾಥಾದಲ್ಲಿ ಸಿಕ್ಕ ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಅವರೂ ಡೀಸೆಲ್ ಲೆಕ್ಕ ಶುರು ಮಾಡಿದ್ದಾರೆ. ಬರುವ ಜನವರಿಯಲ್ಲಿ, ನೀರು ಹಾರಿಸುವ ಮೊದಲು, ಅಕ್ಕಪಕ್ಕದ ಐದು ತೋಟದವರು ಸೇರಿ ಪೈಪ್ ಪರೀಕ್ಷೆ ಮಾಡುವುದು ಅಂತ ಆಗಿದೆ. ಐದೂ ತೋಟಕ್ಕೆ ಬೇಕಾಗುವಷ್ಟು ವಾಷರ್ ನಾನು ಸೋಮವಾರಪೇಟೆಯಿಂದ ತಂದಿಟ್ಟಿದ್ದೇನೆ. ಫೋನ್ ಇಡುವ ಮೊದಲು ಅವರು ಕೇಳಿದರು, "ನಿನ್ನೆ ನಿಮ್ಮಲ್ಲಿ ಎಷ್ಟು ಬಂತು?" 85 ಸೆಂಟ್ ಅಂದೆ.