ಮೊದಲು ತಲೆ ಎತ್ತಿ ನೋಡಿ, ಆಮೇಲೆ ಗುಂಡಿ ತೋಡಿ

ನಿವೃತ್ತನಾಗುವವರೆಗೂ ನಾನು ಲೈನ್‌ಮನ್. ಮುಂಗಾರಿಗೆ ಮುಂಚೆ ಏಣಿ ಹೊತ್ತು ಮೈಸೂರಿನ ಬೀದಿ ಬೀದಿ ತಿರುಗಿ ತಂತಿಗೆ ತಾಗುವ ಕೊಂಬೆ ಸವರುವುದೇ ಪ್ರತಿ ವರ್ಷದ ಕೆಲಸ. ಗುಲ್‌ಮೊಹರ್, ಹೊಂಗೆ, ತೆಂಗು, ಎಲ್ಲವನ್ನೂ ಸರಿಯಾಗಿ ಲೈನಿನ ಕೆಳಗೇ ನೆಟ್ಟಿರುತ್ತಿದ್ದರು. ಈಗ ಕೃಷ್ಣಮೂರ್ತಿಪುರಂನಲ್ಲಿ ಮನೆಯ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯನ್ನು ನೆರೆಯವರೊಂದಿಗೆ ಸೇರಿ ಹಸಿರು ಮಾಡುತ್ತಿದ್ದೇನೆ. ನೋಡಲು ಬರುವ ಬೇರೆ ಬಡಾವಣೆಯವರು ಕೇಳುವ ಮೊದಲ ಪ್ರಶ್ನೆ: ‘ಯಾವ ಗಿಡ ತರೋಣ, ಸ್ವಾಮಿ?’ ಗಿಡದ ಮಾತು ಆಮೇಲೆ. ಜಾಗದ ಮೇಲೇನಿದೆ, ಕೆಳಗೇನಿದೆ, ಬೇಸಿಗೆಯಲ್ಲಿ ನೀರು ಹಾಕುವವರು ಯಾರು, ಇಷ್ಟಕ್ಕೆ ಉತ್ತರ ಸಿಕ್ಕರೆ ಗಿಡ ಯಾವುದೆಂಬುದು ತಾನಾಗಿ ಗೊತ್ತಾಗುತ್ತದೆ.

ಮೇಲಿನದನ್ನು ಮೊದಲು ನೋಡಿ. ತಲೆಯ ಮೇಲೆ ತಂತಿ ಹೋಗಿದ್ದರೆ ಅಲ್ಲಿ ಮರ ಬೇಡ, ಪೊದೆ ಸಾಕು. ದಾಸವಾಳ, ನಂದಿಬಟ್ಟಲು, ಕರಿಬೇವು, ನಿಂಬೆ ಚೆನ್ನಾಗಿ ಹೊಂದುತ್ತವೆ. ಪಾರಿಜಾತವನ್ನೂ ವರ್ಷಕ್ಕೊಮ್ಮೆ ಸವರುತ್ತಿದ್ದರೆ ಹಿಡಿತದಲ್ಲಿಡಬಹುದು. ತೆಂಗನ್ನಂತೂ ಲೈನಿನ ಹತ್ತಿರಕ್ಕೂ ತರಬೇಡಿ. ಮೇ ತಿಂಗಳ ಗಾಳಿಮಳೆಗೆ ಒದ್ದೆ ಗರಿ ಎರಡು ತಂತಿಗಳ ಮೇಲೆ ಒಟ್ಟಿಗೆ ಬಿದ್ದರೆ ಇಡೀ ಬೀದಿ ಕತ್ತಲೆ. ಕಂಬಕ್ಕೂ ಅದನ್ನು ಎಳೆದು ಹಿಡಿದಿರುವ ಸ್ಟೇ ವೈರಿಗೂ ಬಳ್ಳಿ ಹಬ್ಬಿಸುವುದು ಬೇಡ. ನೋಡಲು ಚೆಂದವೇ, ಆದರೆ ರಾತ್ರಿ ಮಳೆಯಲ್ಲಿ ಕಂಬ ಹತ್ತಬೇಕಾದವನ ಜೀವದ ಪ್ರಶ್ನೆ ಅದು. ಟ್ರಾನ್ಸ್‌ಫಾರ್ಮರ್ ಸುತ್ತಲೂ ಜಾಗ ಖಾಲಿ ಬಿಡಿ. ಅಲ್ಲಿ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಗಳಿರುತ್ತವೆ, ಗುದ್ದಲಿ ಹಾಕಲೇಬಾರದು.

ಇನ್ನು ಕೆಳಗಿನದು. ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗಿರುವ ಈ ಗಲ್ಲಿಗಳು ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊತ್ತೊಯ್ಯುವವರು ಓಡಾಡಲು ಬಿಟ್ಟ ಜಾಗ. ಅವರ ಕಷ್ಟ ನೆನೆದರೆ ಅಲ್ಲಿ ಕಸ ಎಸೆಯಲು ಕೈ ಬಾರದು. ಈಗ ಅನೇಕ ಕಡೆ ಒಳಚರಂಡಿ ಕೊಳವೆ ಅದೇ ಗಲ್ಲಿಯ ನೆಲದಡಿ ಹೋಗಿದೆ. ಒಂದು ಮ್ಯಾನ್‌ಹೋಲ್ ಮುಚ್ಚಳದಿಂದ ಇನ್ನೊಂದಕ್ಕೆ ಸುಣ್ಣದ ಗೆರೆ ಎಳೆಯಿರಿ. ಕೊಳವೆಯ ದಾರಿ ಹೆಚ್ಚುಕಡಿಮೆ ಅದೇ. ಆ ಗೆರೆಯ ಮೇಲೆ ಕುಂಡ ಇಡಬಹುದು, ಮರ ನೆಡಬಾರದು. ಅರಳಿ, ಆಲ, ಗೋಣಿ ಮರಗಳಿಗೆ ಗಲ್ಲಿಯಲ್ಲಿ ಎಲ್ಲಿಯೂ ಜಾಗವಿಲ್ಲ, ಅವುಗಳ ಬೇರು ಕಾಂಪೌಂಡನ್ನೂ ಬಿಡದು, ಕೊಳವೆಯನ್ನೂ ಬಿಡದು. ಅಗೆಯುವಾಗ ಸಾಲಾಗಿ ಜೋಡಿಸಿದ ಇಟ್ಟಿಗೆಯೋ ಬಣ್ಣದ ಪ್ಲಾಸ್ಟಿಕ್ ಪಟ್ಟಿಯೋ ಕಂಡರೆ ಅಲ್ಲಿಗೇ ನಿಲ್ಲಿಸಿ, ಕೆಳಗೆ ಕೇಬಲ್ ಇರುವ ಸಾಧ್ಯತೆ ಹೆಚ್ಚು.

ಜಾಗ ಪಾಲಿಕೆಯದು, ನಮ್ಮದಲ್ಲ. ವಲಯ ಕಚೇರಿಗೆ ಒಂದು ಪುಟದ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೈಯಲ್ಲಿ ಬರೆದ ನಕ್ಷೆಯೂ ಅಕ್ಕಪಕ್ಕದ ಮನೆಯವರ ಸಹಿಗಳೂ ಜೊತೆಗಿರಲಿ. ಸಹಿ ಹಾಕಲು ಒಲ್ಲದ ಮನೆಯ ಹಿಂದೆ ಏನನ್ನೂ ನೆಡದಿರುವುದೇ ಜಾಣತನ. ಅಂಥವರು ಮುಂದೊಂದು ದಿನ ತಾವೇ ಬಂದು ಕರಿಬೇವಿನ ಗಿಡ ಕೇಳುತ್ತಾರೆ.

ಕಸದ ಮೂಲೆ ತೆಗೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಮೊದಲು ಬೀದಿಯ ಪೌರಕಾರ್ಮಿಕರನ್ನು ಕೇಳಿ. ಯಾರು, ಎಷ್ಟು ಹೊತ್ತಿಗೆ, ಯಾಕೆ ಎಸೆಯುತ್ತಾರೆಂಬುದು ಅವರಿಗೆ ಗೊತ್ತಿರುವಷ್ಟು ಯಾವ ಕ್ಯಾಮೆರಾಕ್ಕೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಎಸೆಯುತ್ತಿದ್ದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವ ಬಾಡಿಗೆದಾರರು. ಗಾಡಿಯ ಸೀಟಿ ಕೇಳುವ ಹೊತ್ತಿಗೆ ಅವರು ಮನೆಯಲ್ಲಿರುವುದಿಲ್ಲ. ಅವರನ್ನು ಬೈದು ಫಲವೇನು? ಎದುರು ಮನೆಯ ಸರೋಜಕ್ಕ ತಮ್ಮ ಗೇಟಿನೊಳಗೆ ಎರಡು ಬಕೆಟ್ ಇಟ್ಟು, ‘ಹಸಿ ಕಸ ಇದಕ್ಕೆ, ಒಣ ಕಸ ಅದಕ್ಕೆ, ಹಾಕಿ ಹೋಗಪ್ಪ, ಗಾಡಿಗೆ ನಾನು ಕೊಡುತ್ತೇನೆ’ ಎಂದರು. ಮೂಲೆಯ ಅರ್ಧ ಕಸ ಅಷ್ಟಕ್ಕೇ ನಿಂತಿತು.

ಕಸ ತೆಗೆದ ದಿನವೇ ಆ ಜಾಗ ತುಂಬಬೇಕು. ಖಾಲಿ ಬಿಟ್ಟರೆ ಮರುದಿನ ಬೆಳಿಗ್ಗೆ ಕ್ಯಾರಿಬ್ಯಾಗುಗಳು ಮತ್ತೆ ಹಾಜರು. ತೊಳೆದು, ಸಗಣಿ ಸಾರಿಸಿ, ರಂಗೋಲಿ ಹಾಕಿ. ನಾಲ್ಕು ಸೈಜುಗಲ್ಲಿನ ಮೇಲೆ ಚಪ್ಪಡಿ ಕೂರಿಸಿದರೆ ಕಟ್ಟೆಯಾಯಿತು. ಎತ್ತರ ಒಂದೂವರೆ ಅಡಿ ಇದ್ದರೆ ವಯಸ್ಸಾದವರು ಮಂಡಿಗೆ ಕೈ ಕೊಡದೆ ಏಳಬಹುದು. ಸಿಮೆಂಟ್ ಹಾಕಬೇಡಿ, ಒಳಚರಂಡಿ ಯಂತ್ರ ಬಂದಾಗ ಎತ್ತಿಡುವಂತಿರಬೇಕು. ಕಟ್ಟೆಗೆ ಸಂಜೆ ನೆರಳು ಬೀಳುವ ಕಡೆಯನ್ನೇ ಆರಿಸಿ. ಜನ ಕುಳಿತಿರುವ ಕಡೆ ಯಾರೂ ಕಸ ಎಸೆಯುವುದಿಲ್ಲ. ದೇವರ ಚಿತ್ರದ ಟೈಲ್ಸ್ ಅಂಟಿಸುವ ಉಪಾಯ ಮಾತ್ರ ನನಗೆ ಹಿಡಿಸದು. ಎಸೆಯುವವನು ಎರಡು ಗಜ ಆಚೆ ಎಸೆಯುತ್ತಾನೆ, ದೇವರಿಗೆ ವಾಸನೆ ತಪ್ಪುವುದಿಲ್ಲ.

ನೆಡಲು ಜೂನ್, ಜುಲೈ ಒಳ್ಳೆಯ ಕಾಲ, ಆಷಾಢದ ಜಿಟಿಜಿಟಿ ಮಳೆಗೆ ಬೇರು ಊರುತ್ತದೆ. ತಂತಿಯೂ ಕೊಳವೆಯೂ ಇಲ್ಲದ ಕಡೆ ಹೊಂಗೆ ಅಥವಾ ಬೇವು ನೆಡಿ. ನೇರಳೆ ನನಗಿಷ್ಟ, ಆದರೆ ಕಾರು ನಿಲ್ಲಿಸುವವರು ಹಣ್ಣಿನ ಕಲೆಗೆ ಜಗಳ ತೆಗೆಯುತ್ತಾರೆ. ಬೇಗ ಹಸಿರಾಗುತ್ತದೆಂದು ಕೋನೊಕಾರ್ಪಸ್ ಎಂಬ ವಿದೇಶಿ ಗಿಡ ತರುವವರಿದ್ದಾರೆ. ಅದನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿದೆ, ನಮಗೂ ಬೇಡ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿ ಕಡಿಮೆ ಬೆಲೆಗೆ ಸಿಗುತ್ತದೆ. ಎದೆಯೆತ್ತರಕ್ಕಿಂತ ಚಿಕ್ಕದನ್ನು ಆರಿಸಬೇಡಿ, ದನ ಬಾಯಿ ಹಾಕುತ್ತದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಬಂದ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಹಳೆಯ ಬಡಾವಣೆಗಳ ನೆಲದಲ್ಲಿ ಇಟ್ಟಿಗೆ ಚೂರು, ಗಾರೆಯೇ ಹೆಚ್ಚು. ಅದನ್ನು ಆರಿಸಿ ತೆಗೆದು ಕೆಮ್ಮಣ್ಣು ತರಿಸುವುದು ಅನಿವಾರ್ಯ. ಸಸಿಯ ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಸೀಳಿ ತೆಗೆಯಿರಿ, ಸುತ್ತಿಕೊಂಡ ಬೇರನ್ನು ಬಿಡಿಸಿ. ಆಸರೆಯ ಕೋಲಿಗೆ ಗೋಣಿದಾರದಿಂದ ಸಡಿಲವಾಗಿ ಕಟ್ಟಿ. ಬೈಂಡಿಂಗ್ ವೈರ್ ಬೇಡವೇ ಬೇಡ, ಕಾಂಡ ದಪ್ಪವಾದಂತೆ ಅದು ಗಿಡದ ಕೊರಳು ಬಿಗಿಯುತ್ತದೆ.

ದಸರಾ ಮುಗಿದು ಮಳೆ ಹಿಂದೆ ಸರಿದ ಮೇಲೆ ಹುರುಪೂ ಇಳಿಯುತ್ತದೆ. ಹಾಗಾಗಿ ನೆಡುವ ದಿನವೇ ಗಿಡಕ್ಕೊಂದು ಮನೆ ಗೊತ್ತು ಮಾಡಿ, ಆ ಮನೆಯವರು ವಾರಕ್ಕೆ ಎರಡು ಬಾರಿ ಒಂದು ಬಕೆಟ್ ನೀರು ಹಾಕಲಿ. ತರಕಾರಿ, ಅಕ್ಕಿ ತೊಳೆದ ನೀರು ಧಾರಾಳವಾಗಿ ಆಗುತ್ತದೆ. ನೀರು ಹಾಕಲು ಎಷ್ಟು ಮನೆಗಳು ಒಪ್ಪಿವೆಯೋ ಅಷ್ಟೇ ಗಿಡ ತನ್ನಿ. ನೂರು ನೆಟ್ಟೆವೆಂದು ಫೋಟೊ ತೆಗೆಸಿಕೊಳ್ಳುವವರ ಹಾದಿ ಬೇರೆ.

ಉದುರಿದ ಎಲೆಗೆ ಬೆಂಕಿ ಇಡಬೇಡಿ. ಮೆಶ್ ಸುತ್ತಿ ಮೂರಡಿ ಅಗಲದ ತೊಟ್ಟಿ ಮಾಡಿ, ಎಲೆ ತುಂಬಿ, ಪದರ ಪದರಕ್ಕೆ ಸಗಣಿ ನೀರು ಚಿಮುಕಿಸಿ. ತೇವ ಆರದಂತೆ ನೋಡಿಕೊಂಡು ಆಗಾಗ ಮಗುಚಿದರೆ ಮೂರು ನಾಲ್ಕು ತಿಂಗಳಿಗೆ ಗೊಬ್ಬರ ಸಿದ್ಧ. ಅರೆಬರೆ ಕೊಳೆತದ್ದನ್ನೂ ಬೇಸಿಗೆಯಲ್ಲಿ ಗಿಡದ ಬುಡಕ್ಕೆ ಹೊದಿಸಬಹುದು, ಆದರೆ ಕಾಂಡಕ್ಕೆ ಒತ್ತಬೇಡಿ.

ಗಿಡ ಮರವಾದ ಮೇಲೆ ನೆಟ್ಟವರು ನೀವೇ ಎಂದು ಕೊಡಲಿ ಎತ್ತುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲವು ಜಾತಿಗಳನ್ನು ಬಿಟ್ಟರೆ, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತಂತಿಯತ್ತ ಚಾಚಿದ ಕೊಂಬೆಗೆ ನೀವು ದೋಟಿ ಹಿಡಿಯಬೇಡಿ. ವಿದ್ಯುತ್ ಕಚೇರಿಗೆ ತಿಳಿಸಿ, ಲೈನ್ ಆಫ್ ಮಾಡಿಸಿ ಅವರೇ ಸವರುತ್ತಾರೆ. ಮುಂಗಾರಿಗೆ ಮುಂಚೆ, ಏಪ್ರಿಲ್‌ನಲ್ಲೇ ದೂರು ಕೊಡಿ. ಮೇ ಬಂದರೆ ನಿಮ್ಮ ಗಲ್ಲಿಯ ಸರದಿ ಬರುವುದು ತಡ.