ಕೊಲಾಬಾದ ಅಫ್ಘನ್ ಚರ್ಚನ್ನು ನೋಡುವ ಕ್ರಮ

ನೇವಿ ನಗರದ ಹಾದಿಯಲ್ಲಿರುವ ಸೇಂಟ್ ಜಾನ್ ಚರ್ಚನ್ನು ಮುಂಬಯಿಯವರು ಅಫ್ಘನ್ ಚರ್ಚ್ ಎಂದೇ ಕರೆಯುತ್ತಾರೆ. ಮಾಟುಂಗಾದಿಂದಲೋ ಡೊಂಬಿವಲಿಯಿಂದಲೋ ಮನೆಮಂದಿಯೊಂದಿಗೆ ಹೊರಡುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಬಲಿಪೀಠದ ಹಿಂದಿನ ಬಣ್ಣದ ಗಾಜಿನ ಕಿಟಕಿಗಳು ಪೂರ್ವಕ್ಕಿರುವುದರಿಂದ ಮಧ್ಯಾಹ್ನದ ನಂತರ ಅವು ಮಂಕಾಗುತ್ತವೆ. ಬಾಗಿಲು ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಬಂದವರೆಲ್ಲ ಮೊದಲು ಗೋಪುರದ ಚಿತ್ರ ತೆಗೆಯುತ್ತಾರೆ. ಅದನ್ನು ಕೊನೆಗಿಟ್ಟು, ಕಟ್ಟಡಕ್ಕೆ ಒಂದು ಸುತ್ತು ಬನ್ನಿ. ಕಿರಿದಾಗಿ ಎತ್ತರಕ್ಕೆ ಚಾಚಿದ ಚೂಪುಕಮಾನಿನ ಕಿಟಕಿಗಳು 13ನೆಯ ಶತಮಾನದ ಇಂಗ್ಲಿಷ್ ಹಳ್ಳಿಯ ಚರ್ಚಿನ ಮಾದರಿಯವು; ಗೋಡೆಯ ಕಲ್ಲು ಮಾತ್ರ ಕುರ್ಲಾದ್ದು, ಕಮಾನುಗಳದು ಪೋರಬಂದರಿನದು. ವಾಸ್ತುಶಿಲ್ಪಿ ಹೆನ್ರಿ ಕಾನಿಬೇರ್. 1847ರಲ್ಲಿ ಅಡಿಗಲ್ಲು ಬಿದ್ದ ಚರ್ಚು 1858ರಲ್ಲಿ ಪ್ರತಿಷ್ಠೆಗೊಂಡರೂ, ಸುಮಾರು 198 ಅಡಿ ಎತ್ತರದ ಶಿಖರ ಪೂರ್ಣಗೊಂಡದ್ದು 1865ರಲ್ಲಿ. ವಿ.ಟಿ. (ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಕೆಲಸ ಆರಂಭವಾದದ್ದು 1878ರಲ್ಲಿ ಎಂಬುದನ್ನು ನೆನೆದರೆ, ಈ ನಗರದ ಗೋಥಿಕ್ ಕಟ್ಟಡಗಳಲ್ಲಿ ಇದು ಎಷ್ಟು ಹಿಂದಿನದೆಂಬುದು ಹೊಳೆಯುತ್ತದೆ.

ಒಳಗೆ ಹೋದ ಮೇಲೆ ನಡುವಿನ ದಾರಿಯಲ್ಲಿ ನಿಂತು ಕಟ್ಟಡದ ವಿನ್ಯಾಸವನ್ನು ಗಮನಿಸಿ. ನವರಂಗದಿಂದ ಗರ್ಭಗುಡಿಯತ್ತ ನಡೆದು ಅಭ್ಯಾಸವಿರುವ ನಮಗೆ ಇದು ಕಷ್ಟವಾಗದು: ಭಕ್ತರು ಕೂರುವ ವಿಶಾಲ ಭಾಗ, ಆಚೆಗೆ ಪಾದ್ರಿ ಮತ್ತು ಗಾಯಕರಿಗೆ ಮೀಸಲಾದ ಪವಿತ್ರ ಭಾಗ. ಎರಡರ ನಡುವಿನ ತಡೆಯನ್ನೂ ನೆಲದ ಜ್ಯಾಮಿತೀಯ ಹಂಚುಗಳನ್ನೂ ರೂಪಿಸಿದವನು ವಿಲಿಯಂ ಬಟರ್‌ಫೀಲ್ಡ್. ಹಂಚುಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಗಾಜಿನ ಕೆಲಸ ವಿಲಿಯಂ ವೇಲ್ಸ್‌ನದು.

ಹೆಚ್ಚಿನ ಸಮಯವನ್ನು ಪವಿತ್ರ ಭಾಗದ ಗೋಡೆಗಳಿಗೇ ಕೊಡಬೇಕೆಂದು ನನ್ನ ಅಭಿಪ್ರಾಯ. 1838ರಲ್ಲಿ ಆರಂಭವಾದ ಮೊದಲ ಅಫ್ಘನ್ ಯುದ್ಧದಲ್ಲಿಯೂ ಸಿಂಧ್ ದಂಡಯಾತ್ರೆಯಲ್ಲಿಯೂ ಬ್ರಿಟಿಷರ ಪಡೆಯಲ್ಲಿದ್ದು ಮಡಿದವರ ಸ್ಮಾರಕವಿದು. ಗೋಡೆಯ ಮೇಲಿರುವುದು ಅಧಿಕಾರಿಗಳ ಹೆಸರು. ಸಾಮಾನ್ಯ ಸೈನಿಕರ ಸಂಖ್ಯೆ ಬಹಳವಾದ್ದರಿಂದ ಅವರ ಹೆಸರನ್ನು ಬರೆಯಲಾಗಲಿಲ್ಲವೆಂದು ಅರ್ಪಣೆಯ ಬರಹವೇ ಹೇಳುತ್ತದೆ. ಮಕ್ಕಳು ಜೊತೆಗಿದ್ದರೆ ಮೊದಲು ಹೆಸರುಗಳನ್ನು ಓದಿಸಿ, ಅನಂತರ ಈ ಬರಹವನ್ನು ತೋರಿಸಿ. ಪ್ರಶ್ನೆ ಅವರಿಂದಲೇ ಬರುತ್ತದೆ.

ಶಿಖರದ ಚಿತ್ರಕ್ಕೆ ರಸ್ತೆಯಿಂದ ಸ್ವಲ್ಪ ಹಿಂದೆ ಸರಿದು ನಿಲ್ಲಬೇಕಾಗುತ್ತದೆ. ಸುತ್ತಲಿನದು ನೌಕಾಪಡೆಯ ಪ್ರದೇಶ. ಕ್ಯಾಮೆರಾವನ್ನು ಚರ್ಚಿನ ಕಡೆಗಷ್ಟೇ ತಿರುಗಿಸಿ.