ಬಗ್ಗಿ ಹೇಳಿದ ಪದ

ನಾಲ್ಕು ತುಳು ಪದ (ಜನಪದ ಹಾಡು), ನಾಲ್ಕು ಹಳೆಯ ಚಿತ್ರಗೀತೆ, ಒಂದೇ ಗಿಟಾರು. ಇಷ್ಟರಲ್ಲೇ ಆಲ್ಬಂ ಮುಗಿಸಬೇಕೆಂದು ಮೊದಲು ಹೋದದ್ದು ಮಂಗಳೂರಿನ ಒಂದು ಸ್ಟುಡಿಯೋಕ್ಕೆ. ಹೆಡ್‌ಫೋನಿನಲ್ಲಿ ತಾಳ ಹಿಡಿಯಲು ನಿಮಿಷಕ್ಕೆ 80ರಂತೆ ಕ್ಲಿಕ್ಕು. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೇಳುವ ಓಬೇಲೆ ಪದವನ್ನು ಅದಕ್ಕೆ ಹೊಂದಿಸಿ ಹಾಡಿದೆ. ಎಲ್ಲೂ ತಾಳ ತಪ್ಪಲಿಲ್ಲ, ಆದರೆ ಪದದಲ್ಲಿ ಜೀವವಿರಲಿಲ್ಲ.

ಯಾಕೆಂದು ತಿಳಿದದ್ದು ಉಡುಪಿ ಜಿಲ್ಲೆಯ ಶಿರ್ವದಲ್ಲಿ, ದೊಡ್ಡಮ್ಮನಿಂದ. ಕುರ್ಚಿಯಲ್ಲಿ ಕೂರಿಸಿ ಮೈಕ್ ಹಿಡಿದರೆ ಎರಡು ಸಾಲಿಗೆ ನಿಲ್ಲಿಸಿಬಿಟ್ಟರು. "ಕೂತು ಹೇಳ್ಲಿಕ್ಕೆ ಬರುದಿಲ್ಲ ಮಗಾ, ಕೈ ಆಡ್ಬೇಕು." ಎದ್ದು ಸೆರಗು ಸಿಕ್ಕಿಸಿ ಬಗ್ಗಿದರು. ಎಡಗೈಯಲ್ಲಿ ಇಲ್ಲದ ನೇಜಿಯ ಕಟ್ಟು. ಬಲಗೈ ನೆಲ ಮುಟ್ಟಿ ಬರುತ್ತಿತ್ತು. ಕಾಲು ಒಂದೊಂದೇ ಹೆಜ್ಜೆ ಹಿಂದಕ್ಕೆ. ಪದ ತಾನಾಗಿ ಬಂತು. ಗದ್ದೆಯಲ್ಲಿ ಒಬ್ಬಳು ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳುವವರೆಗೆ ಕೊನೆಯ ಸ್ವರವನ್ನು ಎಳೆಯುತ್ತಾರಲ್ಲ, ಆ ಎಳೆತ ಒಮ್ಮೆ ಉದ್ದ, ಒಮ್ಮೆ ಗಿಡ್ಡ. ನಾನದನ್ನು ನಾಲ್ಕು ಮಾತ್ರೆಗೆ ಕತ್ತರಿಸಿ ಕೂತಿದ್ದೆ.

ಕ್ಲಿಕ್ಕು ಬಿಟ್ಟೆ, ಸ್ಟುಡಿಯೋವನ್ನೂ ಬಿಟ್ಟೆ. ಮಳೆಗಾಲದಲ್ಲಿ ಹಂಚಿನ ಮನೆಯೊಳಗೆ ಧ್ವನಿಮುದ್ರಣದ ಮಾತೇ ಇಲ್ಲ, ಹಾಗಾಗಿ ದೀಪಾವಳಿ ಕಳೆಯಲು ಕಾದೆವು. ಕೊನೆಯ ಬಸ್ಸು ಹೋದ ಮೇಲೆ ಫ್ಯಾನ್, ಫ್ರಿಜ್ ಆರಿಸಿ, ಗೋಡೆಗೆ ಹತ್ತಿಯ ಹಾಸಿಗೆ ಒರಗಿಸಿ ಶುರು. ದೊಡ್ಡಮ್ಮ ಬಗ್ಗಿಯೇ ಹೇಳುವುದರಿಂದ ಅವರ ಮೈಕನ್ನು ಮೊಣಕಾಲಿನ ಮಟ್ಟಕ್ಕಿಳಿಸಿ ಮುಖ ಮೇಲೆ ಮಾಡಿದೆ. ಗಿಟಾರಿನ ಮೈಕನ್ನು ಅದರ ಕತ್ತಿನ ಮೇಲಿನ 12ನೇ ಫ್ರೆಟ್ಟಿನ (ಅಡ್ಡಪಟ್ಟಿಯ) ಎದುರು ಒಂದು ಗೇಣು ದೂರ ಇಟ್ಟೆ. ನಡುವಿನ ತೂತಿಗೇ ಹಿಡಿದರೆ ಮಂದ್ರದ ಗುಂಯ್‌ಗುಟ್ಟುವಿಕೆ ಎಲ್ಲವನ್ನೂ ನುಂಗುತ್ತದೆ. ನೈಲಾನ್ ತಂತಿ, ಉಗುರು ತಾಗಿಸದೆ ಹೆಬ್ಬೆರಳಿನ ಮಾಂಸದಲ್ಲೇ ಮೀಟಿದ್ದು. ಅವರು ಹೇಳುವುದು, ನಾನು ಎತ್ತಿಕೊಳ್ಳುವುದು. ಒಬ್ಬರ ದನಿ ಇನ್ನೊಬ್ಬರ ಮೈಕಿಗೂ ಬೀಳುವುದರಿಂದ ಒಂದು ಕಡೆ ತಪ್ಪಿದರೆ ಇಡೀ ಪದ ಮತ್ತೆ ಮೊದಲಿನಿಂದ. ಬಳೆಯ ಸದ್ದು ಬರುತ್ತದೆಂದು ಬಳೆ ತೆಗೆಸಿದ್ದೆ. ಅವರ ಕೈಯ ಲಯವೇ ಹೋಯಿತು. ಹಾಕಿಸಿದೆ. ಈಗ ಬಳೆಯೇ ನಮ್ಮ ತಾಳ.

ಚಿತ್ರಗೀತೆಗಳ ಕಷ್ಟ ಬೇರೆ. ವಯಲಿನ್ ತಂಡದ ಆರಂಭ ಸಂಗೀತ ಎಲ್ಲರ ಕಿವಿಯಲ್ಲೂ ಕೂತಿದೆ. ಅದನ್ನು ಗಿಟಾರಿನಲ್ಲಿ ನುಡಿಸಹೋದರೆ ಇಲ್ಲದ್ದೇ ಎದ್ದು ಕೇಳಿಸುತ್ತದೆ. ಪೂರ್ತಿ ತೆಗೆದು ಪಲ್ಲವಿಯಿಂದಲೇ ಎತ್ತಿಕೊಂಡೆ. ಶ್ರುತಿ ಇಳಿಸಿ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ ಹಾಡಿದಾಗ, ಚಿಕ್ಕಂದಿನಿಂದ ಬಾಯಿಪಾಠವಿದ್ದ ಸಾಲುಗಳ ಅರ್ಥ ನನಗೇ ಹೊಸದಾಗಿ ಹೊಳೆಯಿತು.

ಹಾಡು ಹಳೆಯದಾಯಿತೆಂದು ನಮ್ಮದಾಗುವುದಿಲ್ಲ. ಬರೆದವರು, ರಾಗ ಹಾಕಿದವರು ತೀರಿಕೊಂಡು 60 ವರ್ಷದವರೆಗೂ ಹಕ್ಕು ಇರುತ್ತದೆ. ನಾಲ್ಕಕ್ಕೂ ಅನುಮತಿ ಕೈಗೆ ಬಂದ ಮೇಲೆಯೇ ಬಿಡುಗಡೆಯ ದಿನ ಗೊತ್ತುಮಾಡಿದೆ. ಓಬೇಲೆಗೆ ಹಕ್ಕು ಕೇಳುವವರಿಲ್ಲ, ರೂಢಿಯಂತೆ 'ಸಾಂಪ್ರದಾಯಿಕ' ಎಂದು ಬರೆದರೆ ಸಾಕಿತ್ತು. ಮನಸ್ಸು ಒಪ್ಪಲಿಲ್ಲ. ಆ ನಾಲ್ಕು ಪದಗಳೆದುರು ದೊಡ್ಡಮ್ಮನ ಹೆಸರು ಮೊದಲು, ನನ್ನದು ಆಮೇಲೆ.